ಅಟ್ಟದ ಡ್ರಮ್ಮು ತೆಗೆದರೆ ಅಕ್ಕಿಯೇ ನಡೆಯುತ್ತಿತ್ತು! ತುರ್ತಿಗೆ ದಿನಸಿ ನೀವೆಲ್ಲ ಹೇಗೆ ಇಡ್ತೀರಿ?

ಖಾಲಿಡಬ್ಬಿ:
ಮೊದಲು ನನ್ನ ಪೆದ್ದುತನ ಹೇಳಿಕೊಂಡುಬಿಡುತ್ತೇನೆ. ಪ್ರಶ್ನೆ ಆಮೇಲೆ.

ಎರಡು ವರ್ಷದ ಹಿಂದೆ ಒಂದು ಹುರುಪು ಬಂತು. ಮನೆಯಲ್ಲಿ ತುರ್ತಿಗೆ ಅಂತ ದಿನಸಿ ಇರಲೇಬೇಕು ಅನ್ನಿಸಿತು. ಒಂದೇ ದಿನ ಹೋಗಿ 25 ಕೆಜಿ ಅಕ್ಕಿ, 10 ಕೆಜಿ ಕಾಳು, 5 ಕೆಜಿ ಗೋಧಿ ಹಿಟ್ಟು, ಎಣ್ಣೆ, ಜೊತೆಗೆ ಒಂದು ಡಜನ್ ತಗಡಿನ ಡಬ್ಬಿಯ ಆಹಾರ ತಂದೆ. ಅಕ್ಕಿಯನ್ನು ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು, ಮುಚ್ಚಳ ಬಿಗಿದು, ಅಟ್ಟಕ್ಕೆ ಏರಿಸಿ ಕೈ ಕೊಡವಿಕೊಂಡೆ. ಆಮೇಲೆ ಅದರ ಕಡೆ ತಲೆ ಎತ್ತಿಯೂ ನೋಡಲಿಲ್ಲ.

ಹೋದ ತಿಂಗಳು ನಾಲ್ಕು ದಿನ ಬಿಡದೆ ಮಳೆ. ಕರೆಂಟ್ ಹೋಯಿತು, ರಸ್ತೆ ಬಂದ್, ಅಂಗಡಿ ಬಂದ್. "ಎಲ್ಲಿ, ನಿಮ್ಮ ಭಂಡಾರ ತೆಗೀರಿ ನೋಡೋಣ" ಅಂದಳು ಹೆಂಡತಿ. ನಾನೂ ಜಂಬದಿಂದ ಏಣಿ ಹಾಕಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮುಚ್ಚಳ ತೆಗೆದೆ. ಅಕ್ಕಿ ನಡೆಯುತ್ತಿತ್ತು. ಸುಳ್ಳಲ್ಲ, ಮೇಲಿನ ಪದರ ಪೂರ್ತಿ ಮೆಲ್ಲಗೆ ಅಲುಗಾಡುತ್ತಿತ್ತು. ಕಂದು ನುಸಿ, ಆನೆ ಸೊಂಡಿಲಿನ ಹಾಗೆ ಉದ್ದ ಮೂತಿ. ಹಿಟ್ಟು ತೆಗೆದರೆ ಕಮಟು ವಾಸನೆ. ಕಾಳು ನೋಡೋಕೆ ಚೆನ್ನಾಗಿತ್ತು. ಕುಕ್ಕರಿನಲ್ಲಿ ಎಂಟು ಸೀಟಿ ಕೂಗಿಸಿದರೂ ಹಲ್ಲಿಗೆ ಕಲ್ಲು. ಸರಿಯಾಗಿದ್ದದ್ದು ತಗಡಿನ ಡಬ್ಬಿ ಮಾತ್ರ. ಅದನ್ನು ತೆರೆಯುವ ಓಪನರ್ ಮನೆಯಲ್ಲಿ ಇರಲಿಲ್ಲ! ಒಂದು ಚಾಕು ಮುರಿಯಿತು, ಹೆಬ್ಬೆರಳಿಗೆ ಬ್ಯಾಂಡೇಜ್ ಬಂತು.

ಈಗ ಪ್ರಶ್ನೆ. ನಾವು ಮೂವರು ದೊಡ್ಡವರು, ನಾನು, ಹೆಂಡತಿ, ಅಮ್ಮ. ಒಂಬತ್ತು ತಿಂಗಳ ಮಗು ಇದೆ. ಮನೆ ಚಿಕ್ಕದು. ಎಷ್ಟು ಇಡಬೇಕು, ಏನು ಇಡಬೇಕು, ಎಲ್ಲಿ ಇಡಬೇಕು? ಬೈಯುವವರು ಬೈದುಕೊಂಡೇ ಹೇಳಿ, ಪರವಾಗಿಲ್ಲ.

ಗುಂಡುಪಿನ್ನು:
ಓಪನರ್ ಕಥೆ ಓದಿ ನಕ್ಕೆ, ಕ್ಷಮಿಸಿ. ನಗು ಮುಗಿದ ಮೇಲೆ ಎದ್ದು ಹೋಗಿ ನಮ್ಮನೆ ಡ್ರಾಯರ್ ನೋಡಿದೆ. ನಮ್ಮಲ್ಲೂ ಇಲ್ಲ.

ಲೆಕ್ಕದಪುಸ್ತಕ:
ಎಷ್ಟು ಅನ್ನೋದಕ್ಕೆ ಕಣ್ಣಳತೆ ಬೇಡ. ಚೀಟಿಯಲ್ಲಿ ಮುಗಿಯುವ ಲೆಕ್ಕ ಇದು.

ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 2000 ಕ್ಯಾಲರಿ ಅಂತ ಇಟ್ಟುಕೊಳ್ಳಿ. 100 ಗ್ರಾಂ ಅಕ್ಕಿಯಲ್ಲಿ 360ರ ಹತ್ತಿರ ಇದೆ, ಕಾಳಿನಲ್ಲಿ 340, ಸಕ್ಕರೆಯಲ್ಲಿ 400, ಎಣ್ಣೆಯಲ್ಲಿ ಸುಮಾರು 900. ಈಗ ಕೂಡಿಸಿ: ಅಕ್ಕಿ 300 ಗ್ರಾಂ, ಕಾಳು 100 ಗ್ರಾಂ, ಎಣ್ಣೆ 40 ಗ್ರಾಂ, ಸಕ್ಕರೆ 50 ಗ್ರಾಂ. 1080, 340, 360, 200. ಒಟ್ಟು 1980. ಒಬ್ಬರ ಒಂದು ದಿನ ಮುಗಿಯಿತು.

ನಿಮ್ಮ ಮನೆಯ ಮೂವರಿಗೆ 14 ದಿನಕ್ಕೆ ಅಕ್ಕಿ 12.6 ಕೆಜಿ, ಕಾಳು 4.2 ಕೆಜಿ, ಎಣ್ಣೆ ಎರಡು ಲೀಟರಿಗೂ ಸ್ವಲ್ಪ ಕಡಿಮೆ, ಸಕ್ಕರೆ 2.1 ಕೆಜಿ. ಅಷ್ಟೇ. ನೀವು ಒಂದೇ ದಿನ 25 ಕೆಜಿ ಅಕ್ಕಿ ತಂದಿರಿ. ಅಂದರೆ ಒಂದು ತಿಂಗಳಿಗೆ ಸಾಲುವಷ್ಟು ಅಕ್ಕಿ ಇಟ್ಟು ಎರಡು ವರ್ಷ ಮರೆತಿರಿ. ಜಾಸ್ತಿ ಇಟ್ಟಿದ್ದು ತಪ್ಪಲ್ಲ, ಮುಟ್ಟದೇ ಇದ್ದದ್ದು ತಪ್ಪು.

ಇನ್ನೊಂದು ಮಾತು. ಎಣ್ಣೆಯನ್ನು ಎಲ್ಲರೂ ಮರೆಯುತ್ತಾರೆ. ಜಾಗ ಕಡಿಮೆ, ಶಕ್ತಿ ಜಾಸ್ತಿ ಅಂದರೆ ಎಣ್ಣೆಯೇ. ಒಂದು ಲೀಟರ್ ಬಾಟಲಿಯಲ್ಲಿ ಎಂಟು ಸಾವಿರಕ್ಕೂ ಮೇಲೆ ಕ್ಯಾಲರಿ ಕೂತಿರುತ್ತದೆ.

ಮಳೆಹನಿ:
ಸರ್, ಹದಿನಾಲ್ಕೇ ದಿನ ಯಾಕೆ? ಮೂರು ದಿನ ಸಾಕು ಅಂತ ಎಲ್ಲೋ ಓದಿದ್ದೆ.

ಲೆಕ್ಕದಪುಸ್ತಕ:
ಮೂರು ದಿನ ಅನ್ನೋದು ತೀರಾ ಕನಿಷ್ಠ. ಒಂದೊಂದು ದೇಶದ ಸರಕಾರ ಒಂದೊಂದು ಲೆಕ್ಕ ಹೇಳುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಒಂದು ವಾರದ ಊಟ, ಒಬ್ಬರಿಗೆ 9 ಲೀಟರ್ ನೀರು ಮನೆಯಲ್ಲಿ ಇರಲಿ ಅನ್ನುತ್ತಾರೆ. ಸ್ವೀಡನ್ 2018ರಲ್ಲಿ ಇದೇ ವಿಷಯದ ಕಿರುಪುಸ್ತಿಕೆ ಅಚ್ಚು ಹಾಕಿಸಿ ಮನೆಮನೆಗೂ ಕಳಿಸಿತು. ಜಪಾನಿನಲ್ಲಿ ಕನಿಷ್ಠ ಮೂರು ದಿನ, ಆದರೆ ಒಂದು ವಾರ ಒಳ್ಳೆಯದು. ಮೊದಲು ಮೂರು ದಿನದ್ದು ಹೊಂದಿಸಿ. ಆಮೇಲೆ ಒಂದು ವಾರ. ಜಾಗ ಉಳಿದರೆ ಎರಡು ವಾರ.

ಉಪ್ಪಿನಭರಣಿ:
ಖಾಲಿಡಬ್ಬಿ ತಮ್ಮಾ, ನಿನ್ನ ತಪ್ಪು ನುಸಿಯದ್ದಲ್ಲ, ಅಟ್ಟದ್ದು. ದಿನಾ ಕೈಗೆ ಸಿಗದ ಜಾಗಕ್ಕೆ ಊಟ ಹಾಕಿದೆಯಲ್ಲ, ಅದು ಅಲ್ಲೇ ಸತ್ತಿತು.

ನಮ್ಮನೆಯಲ್ಲಿ "ತುರ್ತು ದಿನಸಿ" ಅಂತ ಬೇರೆ ಇಲ್ಲವೇ ಇಲ್ಲ. ದಿನಾ ಅಡುಗೆ ಮಾಡೋ ಡಬ್ಬಿಗಳೇ. ಆದರೆ ಪ್ರತಿಯೊಂದರ ಹಿಂದೆ ಇನ್ನೊಂದು ನಿಂತಿರುತ್ತದೆ. ಮುಂದಿನದು ಖಾಲಿಯಾದಾಗ ಹಿಂದಿನದು ಮುಂದೆ ಬರುತ್ತದೆ, ಹೊಸದು ಹಿಂದಕ್ಕೆ ಹೋಗುತ್ತದೆ. ಮುಂದಿನ ಡಬ್ಬಿ ಮುಗಿದ ದಿನವೇ ಸಾಮಾನಿನ ಚೀಟಿಗೆ ಹೆಸರು ಬೀಳಬೇಕು, ಹಿಂದಿನದೂ ಮುಗಿಯುವ ತನಕ ಕಾಯಬಾರದು. ಜಪಾನಿನವರು ಇದಕ್ಕೆ ರೋಲಿಂಗ್ ಸ್ಟಾಕ್ ಅಂತ ಹೆಸರಿಟ್ಟಿದ್ದಾರಂತೆ, ಮೊಮ್ಮಗಳು ಹೇಳಿದಳು. ಹೆಸರು ಏನಾದರೂ ಇರಲಿ, ನಾನು ನಲವತ್ತು ವರ್ಷದಿಂದ ಮಾಡ್ತಿರೋದು ಇದನ್ನೇ.

ತಂದ ದಿನವೇ ದಪ್ಪ ಮಾರ್ಕರಿನಲ್ಲಿ ತಿಂಗಳು, ವರ್ಷ ಬರೆ. ಮುಚ್ಚಳದ ಮೇಲೆ ಬೇಡ, ಡಬ್ಬಿಯ ಮೈಮೇಲೆ ಬರೆ. ಮುಚ್ಚಳಗಳು ಅದಲುಬದಲಾಗುತ್ತವೆ. ಇದನ್ನು ನಾನೂ ಪೆಟ್ಟು ತಿಂದೇ ಕಲಿತದ್ದು. ಹೊಸ ಹಿಟ್ಟಿನ ಮುಚ್ಚಳ ಹಳೇ ಹಿಟ್ಟಿನ ಮೇಲೆ ಕೂತು ಮೂರು ತಿಂಗಳು ನನ್ನನ್ನು ಯಾಮಾರಿಸಿತು.

ಮನೆಯಲ್ಲಿ ವಾರಕ್ಕೊಮ್ಮೆಯೂ ಒಲೆ ಹತ್ತದ ಪದಾರ್ಥವನ್ನು ಅಟ್ಟಕ್ಕೆ ಹತ್ತಿಸಬೇಡ.

ಗುಂಡುಪಿನ್ನು:
ಅಕ್ಕ, ಕೊನೇ ಸಾಲು ಬರೆದು ಫ್ರಿಜ್ಜಿಗೆ ಅಂಟಿಸಿದೆ.

ಕಾಳುಕಡ್ಡಿ:
ನುಸಿ ಬಗ್ಗೆ ನಾನು ಹೇಳಬಲ್ಲೆ. ಧಾನ್ಯದ ಗೋದಾಮಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು.

ಎಲ್ಲರೂ ಕೇಳೋದು ಒಂದೇ: "ಗಾಳಿಯಾಡದ ಡ್ರಮ್ಮಿಗೆ ನುಸಿ ಎಲ್ಲಿಂದ ಬಂತು?" ಹೊರಗಿನಿಂದ ಬರಲಿಲ್ಲ ಸ್ವಾಮಿ. ನೀವೇ ಒಳಗೆ ಹಾಕಿ ಮುಚ್ಚಿದಿರಿ. ಹೆಣ್ಣು ನುಸಿ ಆ ಉದ್ದ ಮೂತಿಯಿಂದ ಅಕ್ಕಿಕಾಳಿಗೆ ತೂತು ಕೊರೆದು, ಒಳಗೊಂದು ಮೊಟ್ಟೆ ಇಟ್ಟು, ಅಂಟಿನಂಥದ್ದನ್ನು ಹಚ್ಚಿ ತೂತು ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಕಾಳು ಸುಂದರ. ಮರಿ ಒಳಗೇ ತಿಂದು ಬೆಳೆದು, ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ರೆಕ್ಕೆಪುಕ್ಕ ಸಮೇತ ಹೊರಗೆ ಬರುತ್ತದೆ. ಒಂದು ಹೆಣ್ಣು ಬದುಕಿರೋ ತನಕ ನೂರಾರು ಮೊಟ್ಟೆ ಇಡುತ್ತದೆ. ನಿಮ್ಮ ಡ್ರಮ್ಮಿನಲ್ಲಿ ಎರಡು ವರ್ಷ. ಎಷ್ಟು ತಲೆಮಾರು ಆಯಿತು, ನೀವೇ ಎಣಿಸಿಕೊಳ್ಳಿ.

ಸುಲಭದ ಉಪಾಯ ಫ್ರೀಜರ್. ಅಕ್ಕಿಯೋ ಕಾಳೋ ತಂದ ಕೂಡಲೇ ಎರಡು, ಮೂರು ಕೆಜಿಯ ಚೀಲ ಮಾಡಿ ಬಾಯಿ ಬಿಗಿದು ಮೈನಸ್ 18 ಡಿಗ್ರಿಯಲ್ಲಿ ಇಡಿ. ನಾಲ್ಕು ದಿನ ಸಾಕು ಅನ್ನುತ್ತಾರೆ, ನಾನು ಒಂದು ವಾರ ಇಡುತ್ತೇನೆ. ಚೀಲ ದೊಡ್ಡದಾದರೆ ನಡುವಿನ ತನಕ ತಂಪು ಹೋಗೋಕೆ ಹೊತ್ತು ಹಿಡಿಯುತ್ತದೆ. ಹೊರಗೆ ತೆಗೆದ ತಕ್ಷಣ ಬಾಯಿ ಬಿಚ್ಚಬೇಡಿ! ಚೀಲದ ಹೊರಮೈ ಬೆವರುತ್ತದೆ ನೋಡಿ, ಬಿಚ್ಚಿದರೆ ಆ ಬೆವರು ಅಕ್ಕಿಗೇ ಹೋಗುತ್ತದೆ. ಒಂದು ರಾತ್ರಿ ಹೊರಗಿಟ್ಟು, ಚೀಲ ಮುಟ್ಟಿದರೆ ಕೋಣೆಯಷ್ಟೇ ಬೆಚ್ಚಗಾಗಿ ಒಣಗಿದ ಮೇಲೆ ಡಬ್ಬಿಗೆ ಸುರಿಯಿರಿ.

ಮಳೆಹನಿ:
ಬಿಸಿಲಿಗೆ ಹಾಕಿದರೆ ಸಾಕಾಗಲ್ವಾ?

ಕಾಳುಕಡ್ಡಿ:
ಓಡಾಡೋ ನುಸಿ ಎದ್ದು ಹೋಗುತ್ತದೆ, ತೇವವೂ ಆರುತ್ತದೆ, ಒಳ್ಳೆಯದೇ. ಕಾಳಿನ ಒಳಗಿರೋ ಮೊಟ್ಟೆಗೆ, ಮರಿಗೆ ಸಾಮಾನ್ಯ ಬಿಸಿಲು ಸಾಲದೆ ಹೋಗಬಹುದು. ಬಿಸಿಲಿಗೆ ಹಾಕಿ ಎದ್ದು ಹೋದ ನುಸಿ ಪಕ್ಕದ ಹಿಟ್ಟಿನ ಡಬ್ಬಿಗೆ ಹೋಗುತ್ತದೆ ಅನ್ನೋದೂ ನೆನಪಿರಲಿ.

ಮೂರನೇಮಹಡಿ:
ಎಲ್ಲರೂ ಅಕ್ಕಿ ಅಕ್ಕಿ ಅಂತಿದ್ದೀರಿ. ಅಕ್ಕಿ ಬೇಯಿಸೋಕೆ ನೀರು?

ಹೆಸರೇ ಹೇಳುವ ಹಾಗೆ ನಾವು ಮೂರನೇ ಮಹಡಿಯವರು. ಕರೆಂಟ್ ಹೋದರೆ ಪಂಪ್ ಇಲ್ಲ, ಪಂಪ್ ಇಲ್ಲದಿದ್ದರೆ ಮೇಲಿನ ಟ್ಯಾಂಕಿಗೆ ನೀರಿಲ್ಲ. ಒಂದು ಸಲ ಎರಡು ದಿನ ಹೀಗಾಯಿತು. ಮನೆ ತುಂಬ ಒಣ ದಿನಸಿ, ಲೋಟದಲ್ಲಿ ನೀರಿಲ್ಲ. ಬಿಸ್ಕತ್ತು ತಿಂದರೆ ಬಾಯಾರಿಕೆ, ಉಪ್ಪಿನ ತಿಂಡಿ ತಿಂದರೆ ಇನ್ನೂ ಬಾಯಾರಿಕೆ. ಊಟ ಇಲ್ಲದೆ ವಾರಗಟ್ಟಲೆ ಬದುಕಬಹುದು, ನೀರಿಲ್ಲದೆ ಮೂರ್ನಾಲ್ಕು ದಿನ ಕಷ್ಟ.

ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಾಕಿ. ಅರ್ಧ ಕುಡಿಯೋಕೆ, ಇನ್ನರ್ಧ ಅಡುಗೆಗೆ, ಕೈಬಾಯಿಗೆ. ಮೂವರಿಗೆ 14 ದಿನ ಅಂದರೆ 168 ಲೀಟರ್, ತೂಕ 168 ಕೆಜಿ! ಚಿಕ್ಕ ಮನೆಯಲ್ಲಿ ಆಗದ ಮಾತು. ನಾವು ಮೂರು ದಿನದ್ದು ಬಾಟಲಿಗಳಲ್ಲಿ ಇಟ್ಟಿದ್ದೇವೆ, ಉಳಿದದ್ದಕ್ಕೆ ಸಿಕ್ಕ ನೀರನ್ನು ಶುದ್ಧ ಮಾಡಿಕೊಳ್ಳುವ ದಾರಿ ಗೊತ್ತು ಮಾಡಿಕೊಂಡಿದ್ದೇವೆ. ಮಳೆಯ ಮುನ್ಸೂಚನೆ ಬಂದ ದಿನವೇ ಮನೆಯಲ್ಲಿರೋ ಪಾತ್ರೆ, ಬಕೆಟ್, ಕೊಳಗ ಎಲ್ಲ ತುಂಬಿಸಿಬಿಡುತ್ತೇವೆ. ಅದಕ್ಕೆ ಖರ್ಚೇ ಇಲ್ಲ.

ಬಾಟಲಿ ಬಗ್ಗೆ ಒಂದು ಮಾತು. ತಂಪು ಪಾನೀಯದ ಗಟ್ಟಿ ಪ್ಲಾಸ್ಟಿಕ್ ಬಾಟಲಿ ತೊಳೆದು ಬಳಸಬಹುದು. ಹಾಲು, ಹಣ್ಣಿನ ರಸದ ಬಾಟಲಿ ಬೇಡ. ಎಷ್ಟು ತೊಳೆದರೂ ಜಿಡ್ಡು, ಸಿಹಿ ಒಳಗೆ ಉಳಿದು ಆಮೇಲೆ ನೀರು ಕೆಡುತ್ತದೆ. ಆರು ತಿಂಗಳಿಗೊಮ್ಮೆ ಬದಲಾಯಿಸಿ, ಹಳೇ ನೀರು ಗಿಡಕ್ಕೆ.

ಮಳೆಹನಿ:
ಶುದ್ಧ ಮಾಡೋದು ಹೇಗೆ ಅಂತಲೂ ಹೇಳಿಬಿಡಿ ಅಕ್ಕ.

ಮೂರನೇಮಹಡಿ:
ಕುದಿಸೋದು ಎಲ್ಲಕ್ಕಿಂತ ನಂಬಿಕೆಯ ದಾರಿ. ಚೆನ್ನಾಗಿ ಕೊತಕೊತ ಕುದಿಯೋಕೆ ಶುರುವಾದ ಮೇಲೆ ಒಂದು ನಿಮಿಷ ಸಾಕು. ಸಮುದ್ರ ಮಟ್ಟದಿಂದ 2000 ಮೀಟರಿಗಿಂತ ಎತ್ತರದಲ್ಲಿದ್ದರೆ ಮೂರು ನಿಮಿಷ. ಜನ ಇಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಸುಮ್ನೆ ಖಾಲಿ ಮಾಡುತ್ತಾರೆ.

ಉರಿಯೇ ಇಲ್ಲದಿದ್ದರೆ ಬ್ಲೀಚ್. ವಾಸನೆ, ಬಣ್ಣ, ಸೋಪು ಏನೂ ಸೇರಿಸದ, 5ರಿಂದ 6 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇರೋ ದ್ರವ ಮಾತ್ರ. ನೀರನ್ನು ಬಟ್ಟೆಯಲ್ಲಿ ಸೋಸಿ, ಲೀಟರಿಗೆ ಎರಡು ಹನಿ ಹಾಕಿ, ಕಲಕಿ ಅರ್ಧ ಗಂಟೆ ಬಿಡಿ. ಸೋಸಿದ ಮೇಲೂ ಮಬ್ಬಾಗಿದ್ದರೆ ನಾಲ್ಕು ಹನಿ. ಕೊನೆಗೆ ಸಣ್ಣಗೆ ಕ್ಲೋರಿನ್ ವಾಸನೆ ಬರಬೇಕು. ಬಾಟಲಿ ಹಳೆಯದಾದ ಹಾಗೆ ಬ್ಲೀಚಿನ ಶಕ್ತಿ ಇಳಿಯುತ್ತದೆ, ಅದನ್ನೂ ವರ್ಷಕ್ಕೊಮ್ಮೆ ಬದಲಿಸಿ. ನೀರಿಗೆ ಪೆಟ್ರೋಲೋ ಕೀಟನಾಶಕವೋ ಸೇರಿದ್ದರೆ ಕುದಿಸಿದರೂ ಹೋಗಲ್ಲ, ಬ್ಲೀಚ್ ಹಾಕಿದರೂ ಹೋಗಲ್ಲ. ಅಂಥ ನೀರಿನ ತಂಟೆಗೇ ಹೋಗಬೇಡಿ.

ಸಿದ್ಧನಾದವ:
ಇಷ್ಟೆಲ್ಲ ತಲೆನೋವು ಯಾಕೆ? ರೆಡಿಮೇಡ್ ಕಿಟ್ ಸಿಗುತ್ತದೆ, 25 ವರ್ಷ ಬಾಳಿಕೆ. ಒಂದು ಬಕೆಟ್ ತಂದಿಟ್ಟೆ, ಬಿಸಿನೀರು ಹಾಕಿದರೆ ಊಟ ರೆಡಿ. ನೆಮ್ಮದಿ.

ಲೆಕ್ಕದಪುಸ್ತಕ:
ಬಕೆಟ್ ಮೇಲೆ ಎಷ್ಟು "ಊಟ" ಅಂತ ಬರೆದಿದ್ದಾರೆ? ಒಟ್ಟು ಕ್ಯಾಲರಿ ಎಷ್ಟು? ಭಾಗಿಸಿ ನೋಡಿ.

ಸಿದ್ಧನಾದವ:
60 ಊಟ ಅಂತಿದೆ. ತಡೀರಿ.
... ಒಂದು ಊಟಕ್ಕೆ 210 ಕ್ಯಾಲರಿ ಬಂತು. ಅದರಲ್ಲಿ ಹತ್ತು ಪೊಟ್ಟಣ ಸಿಹಿ ಪಾನೀಯದ ಪುಡಿ.

ಲೆಕ್ಕದಪುಸ್ತಕ:
ಅಂದರೆ ಒಟ್ಟು 12,600. ಒಬ್ಬರಿಗೆ ಆರು ದಿನ ಚಿಲ್ಲರೆ. ಕಿಟ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಹಗುರ, ಬಾಳಿಕೆ ಇದೆ, ಮನೆ ಬಿಟ್ಟು ಓಡಬೇಕಾದರೆ ಚೀಲಕ್ಕೆ ಹಾಕಿಕೊಳ್ಳಬಹುದು. 60 ಅನ್ನೋ ಸಂಖ್ಯೆ ನೋಡಿ ನೆಮ್ಮದಿಯಾಗಿ ಮಲಗಬೇಡಿ, ಅಷ್ಟೇ. ಬಿಸಿನೀರಿಗೂ ನೀರು ಬೇಕಲ್ಲ, ಮೇಲಿನ ಅಕ್ಕ ಹೇಳಿದ್ದನ್ನು ಇನ್ನೊಮ್ಮೆ ಓದಿ.

ಸಿದ್ಧನಾದವ:
ಸರಿ ಸರ್, ಸೋತೆ. ಹೆಸರು "ಅರ್ಧಸಿದ್ಧ" ಅಂತ ಬದಲಾಯಿಸಿಕೊಳ್ಳುತ್ತೇನೆ.

ಬಿಗಿಮುಚ್ಚಳ:
ವರ್ಷಗಟ್ಟಲೆ ಇಡಲೇಬೇಕು ಅನ್ನುವವರಿಗೆ: ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯನ್ನು ಅಲ್ಯೂಮಿನಿಯಂ ಪದರ ಇರೋ ದಪ್ಪ ಚೀಲಕ್ಕೆ ತುಂಬಿ, ಆಕ್ಸಿಜನ್ ಹೀರುವ ಪುಟ್ಟ ಪೊಟ್ಟಣ ಹಾಕಿ, ಬಾಯಿಗೆ ಇಸ್ತ್ರಿಪೆಟ್ಟಿಗೆ ಒತ್ತಿ ಅಂಟಿಸಿ ತಂಪು ಜಾಗದಲ್ಲಿ ಇಟ್ಟರೆ 20, 30 ವರ್ಷ ಆದರೂ ತಿನ್ನಬಹುದು. ಆ ಪೊಟ್ಟಣದಲ್ಲಿ ಇರೋದು ಕಬ್ಬಿಣದ ಪುಡಿ. ಅದು ತುಕ್ಕು ಹಿಡಿಯುತ್ತಾ ಗಾಳಿಯಲ್ಲಿರೋ ಆಕ್ಸಿಜನ್ ಹೀರಿಕೊಳ್ಳುತ್ತದೆ. ನುಸಿಗೆ ಉಸಿರಿಲ್ಲ, ಕೊಬ್ಬು ಕಮಟಾಗೋಕೆ ಆಕ್ಸಿಜನ್ ಇಲ್ಲ. ನಾಲ್ಕು ಲೀಟರಿನ ಚೀಲಕ್ಕೆ 300 ಸಿಸಿ, ಅಂದರೆ 300 ಮಿಲಿಲೀಟರ್ ಆಕ್ಸಿಜನ್ ಹೀರುವ ಒಂದು ಪೊಟ್ಟಣ ಸಾಕು. ಪೊಟ್ಟಣಗಳ ಕವರ್ ಬಿಚ್ಚಿದ ಮೇಲೆ ಹರಟೆಗೆ ಕೂರಬೇಡಿ, ಅವು ಕೋಣೆಯ ಗಾಳಿಯನ್ನೇ ಹೀರಿ ಖಾಲಿಯಾಗಿಬಿಡುತ್ತವೆ. ಸಕ್ಕರೆಗೆ ಹಾಕಬೇಡಿ, ಇಟ್ಟಿಗೆಯಾಗುತ್ತದೆ. ಉಪ್ಪಿಗೆ ಬೇಕಾಗಿಯೇ ಇಲ್ಲ.

ಪಾಲಿಶ್ ಮಾಡದ ಕೆಂಪು, ಕಂದು ಅಕ್ಕಿ ಆರೋಗ್ಯಕ್ಕೆ ಒಳ್ಳೆಯದು, ದಾಸ್ತಾನಿಗೆ ಅಲ್ಲ. ತೌಡಿನಲ್ಲಿ ಎಣ್ಣೆ ಇದೆ. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಖಾಲಿಡಬ್ಬಿಯವರ ಗೋಧಿ ಹಿಟ್ಟು ಕಮಟಾಗಿದ್ದಕ್ಕೂ ಇದೇ ಕಾರಣ. ಇಡಿ ಗೋಧಿ ಗಟ್ಟಿ ಕೋಟೆ. ಬೀಸಿದ ಕೂಡಲೇ ಒಳಗಿನ ಎಣ್ಣೆ ಗಾಳಿಗೆ ತೆರೆದುಕೊಳ್ಳುತ್ತದೆ.

ಮಳೆಹನಿ:
ಹಾಗಾದರೆ ಮನೆಯಲ್ಲಿ ಒಣಗಿಸಿದ ತರಕಾರಿಯನ್ನೂ ಹೀಗೇ ಪೊಟ್ಟಣ ಹಾಕಿ ಇಡಬಹುದಾ? ಮಾಡಿದ ಪಲ್ಯವನ್ನು ಬಾಟಲಿಗೆ ಹಾಕಿ ವ್ಯಾಕ್ಯೂಮ್ ಮಾಡಿದರೆ?

ಬಿಗಿಮುಚ್ಚಳ:
ನಿಲ್ಲಿ ನಿಲ್ಲಿ. ಇಲ್ಲೇ ಜನ ಜೀವಕ್ಕೆ ಕುತ್ತು ತಂದುಕೊಳ್ಳೋದು.

ಬಾಟ್ಯುಲಿಸಂ ಅಂತ ಜೀವ ತೆಗೆಯಬಲ್ಲ ವಿಷಾಹಾರದ ರೋಗ, ಅದನ್ನು ತರುವ ಒಂದು ಬ್ಯಾಕ್ಟೀರಿಯಾ ಇದೆ. ಅದಕ್ಕೆ ಆಕ್ಸಿಜನ್ ಇಲ್ಲದ ಜಾಗವೇ ಇಷ್ಟ. ತೇವ ಇದ್ದು, ಹುಳಿ ಇಲ್ಲದೆ, ಗಾಳಿಯೂ ಇಲ್ಲದಿದ್ದರೆ ಅದಕ್ಕೆ ಹಬ್ಬ. ಅದರ ಬೀಜಕಣಗಳು 100 ಡಿಗ್ರಿಯಲ್ಲಿ ಕುದಿಸಿದರೂ ಸಾಯಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ತರಕಾರಿ, ಕಾಳು, ಮಾಂಸದ ಡಬ್ಬಿಗಳನ್ನು ಒತ್ತಡದಲ್ಲಿ 121 ಡಿಗ್ರಿಯ ಹತ್ತಿರ ಕಾಯಿಸುತ್ತಾರೆ. ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗಿರೋ ಹುಳಿ ಪದಾರ್ಥದಲ್ಲಿ ಅದು ಬೆಳೆಯಲ್ಲ. ನಿಮ್ಮ ಪಲ್ಯ ಹುಳಿಯೂ ಅಲ್ಲ, ಒಣಗಿದ್ದೂ ಅಲ್ಲ. ವ್ಯಾಕ್ಯೂಮ್ ಮಾಡಿ ಕಪಾಟಿನಲ್ಲಿ ಇಟ್ಟರೆ ವಿಷ ಸಾಕಿದ ಹಾಗೆ. ನೋಟಕ್ಕೂ ವಾಸನೆಗೂ ಗೊತ್ತಾಗದೇ ಇರಬಹುದು.

ಒಣಗಿಸಿದ ತರಕಾರಿ ಬಗ್ಗಿಸಿದರೆ ಕಟ್ ಅಂತ ಮುರಿಯಬೇಕು. ಬಳುಕಿದರೆ ತೇವ ಇದೆ, ಸೀಲ್ ಮಾಡಬೇಡಿ.

ತಗಡಿನ ಡಬ್ಬಿ ಊದಿಕೊಂಡಿದ್ದರೆ, ಸೋರಿದ್ದರೆ, ಅಂಚಿನ ಮಡಿಕೆಯ ಮೇಲೆ ಆಳವಾಗಿ ನುಗ್ಗಾಗಿದ್ದರೆ, ತೆರೆದಾಗ ಪಿಚಕಾರಿ ಹಾರಿದರೆ, ರುಚಿ ನೋಡೋಕೂ ಹೋಗಬೇಡಿ. ಬಿಸಾಕಿ.

ಖಾಲಿಡಬ್ಬಿ:
ನಮ್ಮ ಡಬ್ಬಿಗಳ ದಿನಾಂಕ ಹೋದ ತಿಂಗಳೇ ಮುಗಿದಿತ್ತು. ಹಸಿವಿಗೆ ತಿಂದುಬಿಟ್ಟೆವು. ಏನೂ ಆಗಲಿಲ್ಲ. ಅದೃಷ್ಟವಾ?

ಬಿಗಿಮುಚ್ಚಳ:
ಅದೃಷ್ಟ ಅಲ್ಲ. "ಇಷ್ಟರೊಳಗೆ ಬಳಸಿದರೆ ಉತ್ತಮ" ಅನ್ನೋದು ರುಚಿ, ಗುಣದ ದಿನಾಂಕ. ಡಬ್ಬಿ ಗಟ್ಟಿಯಾಗಿದ್ದರೆ ಅದಾದ ಮೇಲೂ ತಿನ್ನಬಹುದು. ಕಾಳು, ತರಕಾರಿಯಂಥದ್ದು ಎರಡರಿಂದ ಐದು ವರ್ಷ ಚೆನ್ನಾಗಿರುತ್ತದೆ. ಟೊಮ್ಯಾಟೊ, ಅನಾನಸ್‌ನಂಥ ಹುಳಿ ಪದಾರ್ಥ ಒಂದೂವರೆ ವರ್ಷದೊಳಗೆ ಮುಗಿಸಿ, ಹುಳಿ ತಗಡನ್ನು ತಿನ್ನುತ್ತದೆ. ಮಗುವಿನ ಹಾಲಿನ ಪುಡಿಗೆ ಮಾತ್ರ ಈ ಸಡಿಲಿಕೆ ಇಲ್ಲ. ಅದರ ದಿನಾಂಕ ಅಂದರೆ ದಿನಾಂಕ.

ಉಪ್ಪಿನಭರಣಿ:
ಮಗು ಅಂದಾಗ ನೆನಪಾಯಿತು. ಜೇನುತುಪ್ಪ ಕೆಡಲ್ಲ ಅಂತ ಎಲ್ಲರೂ ತಂದಿಡುತ್ತಾರೆ. ನಿಜ, ಕೆಡಲ್ಲ. ಆದರೆ ಒಂದು ವರ್ಷ ತುಂಬದ ಮಗುವಿಗೆ ಒಂದು ಹನಿಯೂ ನೆಕ್ಕಿಸಬಾರದು. ಮೇಲೆ ಹೇಳಿದರಲ್ಲ, ಅದೇ ರೋಗದ ಬೀಜಕಣ ಜೇನಿನಲ್ಲಿ ಇರಬಹುದು. ನಮ್ಮ ಹೊಟ್ಟೆ ತಡೆಯುತ್ತದೆ, ಹಸುಗೂಸಿನ ಹೊಟ್ಟೆ ತಡೆಯಲ್ಲ. ಎದೆಹಾಲು ಕುಡಿಸುವ ತಾಯಿಗೆ ನೀರು, ಊಟ ಎಲ್ಲರಿಗಿಂತ ಜಾಸ್ತಿ ಬೇಕು ಅನ್ನೋದನ್ನೂ ಲೆಕ್ಕಕ್ಕೆ ತಗೋ ತಮ್ಮಾ. ಅಮ್ಮನ ಮಾತ್ರೆಗಳು? ಅವೂ ಒಂದೆರಡು ವಾರದ್ದು ಮುಂಚೇನೇ ಇರಲಿ.

ಗಂಟುಮೂಟೆ:
ಕಾಳು ಬೇಯಲಿಲ್ಲ ಅಂದಿರಲ್ಲ, ಅದು ಕೆಟ್ಟಿದ್ದಲ್ಲ. ಬಿಸಿ, ತೇವ ಇರೋ ಕಡೆ ವರ್ಷಗಟ್ಟಲೆ ಕೂತ ಕಾಳು ಒಳಗೊಳಗೇ ಬಿಗಿದುಕೊಳ್ಳುತ್ತದೆ, ನೀರು ಹೀರಲ್ಲ. ರಾತ್ರಿ ನೆನೆಹಾಕುವಾಗ ಚಿಟಿಕೆ ಅಡುಗೆ ಸೋಡಾ ಹಾಕಿ. ಅದಕ್ಕೂ ಜಗ್ಗದಿದ್ದರೆ ಬೀಸಿ ಹಿಟ್ಟು ಮಾಡಿ ಗಂಜಿಗೋ ರೊಟ್ಟಿಗೋ ಬೆರೆಸಿ.

ಅಟ್ಟ ಅಂದರೆ ಮನೆಯಲ್ಲೇ ಅತಿ ಬಿಸಿ ಜಾಗ. ಹತ್ತು ಡಿಗ್ರಿ ಬಿಸಿ ಏರಿದರೆ ಬಾಳಿಕೆ ಹೆಚ್ಚುಕಡಿಮೆ ಅರ್ಧ ಅಂತ ಒಂದು ಅಂದಾಜು ಲೆಕ್ಕ ಇದೆ. ಒಲೆ ಮೇಲಿನ ಕಪಾಟು, ಫ್ರಿಜ್ಜಿನ ತಲೆ ಎರಡೂ ಬೇಡ. ನಮ್ಮದೂ ಎರಡು ಕೋಣೆ ಮನೆ. ಮಂಚದ ಕೆಳಗೆ ಚಪ್ಪಟೆ ಡಬ್ಬಿಗಳು, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ. ನೆಂಟರು ಬಂದರೆ ನಮ್ಮ ಊಟದ ಮೇಲೇ ಮಲಗುತ್ತಾರೆ.

ಬೂಷ್ಟು ಬಂದ ಕಡಲೆಕಾಯಿ, ಜೋಳ ಮಾತ್ರ ತೊಳೆದು ಬಳಸಬೇಡಿ. ಆ ಬೂಷ್ಟಿನ ವಿಷ ಬೇಯಿಸಿದರೂ ಹೋಗಲ್ಲ.

ಕಿಡಿಕಡ್ಡಿ:
ಉರಿ ಬಗ್ಗೆ ಯಾರೂ ಮಾತಾಡಲಿಲ್ಲ.

ಇರೋ ಗ್ಯಾಸ್ ಎರಡು ಪಟ್ಟು ಬಾಳಬೇಕು ಅಂದರೆ ಕಾಳು ನೆನೆಸಿ, ಕುಕ್ಕರ್ ಬಳಸಿ. ಅನ್ನಕ್ಕೆ ನಾನು ಮಾಡೋದು ಹೀಗೆ: ಬಿಗಿ ಮುಚ್ಚಳದ ಪಾತ್ರೆಯಲ್ಲಿ ಅಕ್ಕಿ, ನೀರು ಐದು ನಿಮಿಷ ಚೆನ್ನಾಗಿ ಕುದಿಸಿ, ಇಳಿಸಿ, ದಪ್ಪ ಟವೆಲ್ ಸುತ್ತಿ, ಅದರ ಮೇಲೆ ಹೊದಿಕೆ ಸುತ್ತಿ ಮೂಲೆಯಲ್ಲಿ ಕೂರಿಸುತ್ತೇನೆ, ಮಗು ಮಲಗಿಸಿದ ಹಾಗೆ. ಮುಕ್ಕಾಲು ಗಂಟೆಗೆ ಅನ್ನ ಆಗಿರುತ್ತದೆ. ಬಿಸಿ ಇರುವಾಗಲೇ ಉಣ್ಣಬೇಕು, ಉಗುರುಬೆಚ್ಚಗೆ ಸಂಜೆ ತನಕ ಬಿಡಬಾರದು. ಕೆಂಪು ರಾಜ್ಮಾಗೆ ಈ ಉಪಾಯ ಬೇಡವೇ ಬೇಡ. ಅದರಲ್ಲಿ ಒಂದು ವಿಷದ ಅಂಶ ಇದೆ, ನೆನೆಸಿ ನೀರು ಚೆಲ್ಲಿ ಅರ್ಧ ಗಂಟೆ ಜೋರಾಗಿ ಕುದಿಸಿದರೇ ಹೋಗೋದು.

ಇನ್ನು ಇದ್ದಿಲ ಒಲೆ, ಜನರೇಟರ್ ಮನೆಯೊಳಗೆ ಹಚ್ಚಬೇಡಿ. ಕಿಟಕಿ ತೆರೆದಿದೆ ಅಂತಲೂ ಹಚ್ಚಬೇಡಿ. ಅವುಗಳಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ನಿದ್ದೆ, ಆಮೇಲೆ ಏಳದೇ ಹೋಗಬಹುದು.

ಮಂಜುಗಡ್ಡೆ:
ಫ್ರಿಜ್ಜಿನ ವಿಷಯ ಚಿಕ್ಕದಾಗಿ. ಕರೆಂಟ್ ಹೋದ ಮೇಲೆ ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಮೊದಲು ಫ್ರಿಜ್ಜಿನದು ತಿನ್ನಿ, ಆಮೇಲೆ ಫ್ರೀಜರಿನದು, ಕೊನೆಗೆ ಒಣ ದಿನಸಿ. ಊರಿಗೆ ಹೋಗುವಾಗ ಒಂದು ಲೋಟ ನೀರು ಫ್ರೀಜ್ ಮಾಡಿ, ಗಡ್ಡೆಯ ಮೇಲೆ ಒಂದು ನಾಣ್ಯ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಅಂತ ಅರ್ಥ. ಬಿಸಾಕಿ.

ಗುಂಡುಪಿನ್ನು:
ಒಂದು ಅನುಮಾನ. ಎಲ್ಲರೂ ಹೀಗೆ ತುಂಬಿಟ್ಟರೆ ಇಲ್ಲದವರಿಗೆ ಅಂಗಡಿಯಲ್ಲಿ ಏನು ಉಳಿಯುತ್ತದೆ? 2020ರಲ್ಲಿ ನೋಡಿದೆವಲ್ಲ, ಕಪಾಟುಗಳೆಲ್ಲ ಖಾಲಿ.

ಉಪ್ಪಿನಭರಣಿ:
ಆವತ್ತು ಓಡಿಹೋಗಿ ಬಾಚಿಕೊಂಡದ್ದು ಮನೆಯಲ್ಲಿ ಏನೂ ಇಡದವರೇ ಜಾಸ್ತಿ. ಏನೂ ಇಲ್ಲದ ಸಾಮಾನ್ಯ ವಾರದಲ್ಲಿ ಒಂದೊಂದು ಕೆಜಿ ಜಾಸ್ತಿ ತಂದರೆ ಯಾರ ಪಾಲಿಗೂ ಕೈ ಹಾಕಿದ ಹಾಗಲ್ಲ. ಗಲಾಟೆಯ ದಿನ ನೀನು ಸಾಲಿನಲ್ಲೇ ಇರಲ್ಲವಲ್ಲ, ಆ ಜಾಗ ಇನ್ನೊಬ್ಬರಿಗೆ ಸಿಗುತ್ತದೆ.

ಖಾಲಿಡಬ್ಬಿ:
ಐದು ವಾರ ಆಯಿತು, ವರದಿ ಒಪ್ಪಿಸೋಕೆ ಬಂದೆ.

ಅಟ್ಟ ಖಾಲಿ. ವಾರಕ್ಕೆ ಒಂದೆರಡು ಪದಾರ್ಥದಂತೆ ಜಾಸ್ತಿ ತಂದು ಈಗ ಒಂಬತ್ತು ದಿನದಷ್ಟು ಇದೆ, ಎಲ್ಲ ಅಡುಗೆಮನೆಯ ಕಪಾಟಿನಲ್ಲೇ, ಹಿಂದೊಂದು ಮುಂದೊಂದು. ನೀರು 36 ಲೀಟರ್. ಅಕ್ಕಿ ಫ್ರೀಜರಿನಲ್ಲಿ ಸರದಿ ಪ್ರಕಾರ ಕೂರುತ್ತಿದೆ. ಐಸ್‌ಕ್ರೀಮ್‌ಗೆ ಜಾಗ ಇಲ್ಲ ಅಂತ ಹೆಂಡತಿಗೆ ಸಿಟ್ಟು.

ಹೋದ ಶನಿವಾರ ಪರೀಕ್ಷೆ ಮಾಡಿದೆವು. ಸಂಜೆ ಆರಕ್ಕೆ ಮೇನ್ ಸ್ವಿಚ್ ಆಫ್, ನಲ್ಲಿಯೂ ಬಂದ್, ಮರುದಿನ ಸಂಜೆ ತನಕ. ಐದೇ ನಿಮಿಷಕ್ಕೆ ಮೊದಲ ಪಾಠ: ನಮ್ಮ ಗ್ಯಾಸ್ ಒಲೆಗೆ ಕಿಡಿ ಹತ್ತೋದು ಕರೆಂಟಿನಿಂದ. ಮನೆಯಲ್ಲಿ ಬೆಂಕಿಪೊಟ್ಟಣ ಇಲ್ಲ! ಅಮ್ಮ ದೇವರ ದೀಪದ ಹತ್ತಿರದಿಂದ ನಾಲ್ಕು ಕಡ್ಡಿ ಉಳಿದ ಪೊಟ್ಟಣ ತೆಗೆದು ಕೊಟ್ಟು, ಏನೂ ಮಾತಾಡದೆ ಒಳಗೆ ಹೋದರು. ಎರಡನೇ ಪಾಠ: ಪಾತ್ರೆ ತೊಳೆಯೋಕೆ ಹೋಗುವ ನೀರು ಕುಡಿಯೋಕಿಂತ ಜಾಸ್ತಿ. ಒಂದೇ ಪಾತ್ರೆಯಲ್ಲಿ ಬೇಯುವ ಅಡುಗೆ ಮಾಡಬೇಕು.

ಓಪನರ್ ಎರಡು ತಂದಿದ್ದೇನೆ. ಒಂದನ್ನು ದಾರ ಕಟ್ಟಿ ಕಪಾಟಿನ ಮೊಳೆಗೆ ನೇತುಹಾಕಿದೆ.

ಕಾಳುಕಡ್ಡಿ:
ಭೇಷ್. ಆ ನುಸಿ ಅಕ್ಕಿ ಏನು ಮಾಡಿದಿರಿ? ಬೂಷ್ಟು, ಮುಗ್ಗಲು ವಾಸನೆ ಇಲ್ಲದಿದ್ದರೆ ಕೇರಿ, ತೊಳೆದು ತಿನ್ನಬಹುದಿತ್ತು. ನುಸಿ ವಿಷ ಅಲ್ಲ.

ಖಾಲಿಡಬ್ಬಿ:
ನಾನು ಅದನ್ನೇ ಹೇಳಿದೆ, ಮನೆಯಲ್ಲಿ ಯಾರೂ ಒಪ್ಪಲಿಲ್ಲ. ದಿನಾ ಒಂದು ಹಿಡಿ ಕಿಟಕಿ ಕಟ್ಟೆಯ ಮೇಲೆ ಹಾಕುತ್ತಿದ್ದೇನೆ. ಇನ್ನೂ ಹದಿನೆಂಟು ಕೆಜಿ ಇದೆ. ಈಗ ಬೆಳಿಗ್ಗೆ ಆರಕ್ಕೇ ಗುಬ್ಬಿಗಳು ಬಂದು ಗಾಜು ಕುಟ್ಟುತ್ತವೆ, ಮಗು ಎದ್ದುಬಿಡುತ್ತದೆ.